ಮೂವತ್ತೊಂದನೇ ಅರ್ಜಿ

ಸೋಮವಾರ ಬೆಳಿಗ್ಗೆ ಕಾಶಿನಾಥ ತನ್ನ ಕಂಪ್ಯೂಟರ್ ಚಾಲೂ ಮಾಡಿ, ಶನಿವಾರ ತಾನು ಟ್ರಸ್ಟಿಗೆ ಕಳಿಸಿದ್ದ ಅರ್ಜಿಗಳ ಪಟ್ಟಿಯನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿಬಿಡೋಣ ಎಂದುಕೊಂಡ. ನೋಡಲೇಬೇಕೆಂದೇನೂ ಇರಲಿಲ್ಲ. ಕೊನೆಯ ತಾರೀಖು ಮುಗಿದಿತ್ತು. ಚಹಾ ಬರುವ ತನಕ ಕೈಗೆ ಕೆಲಸವಿರಲಿಲ್ಲ, ಅಷ್ಟೇ. ಒಟ್ಟು ನಲವತ್ಮೂರು ಹೆಸರುಗಳು. ಎಲ್ಲದರ ಎದುರಿಗೂ ಹಸಿರು ಅಕ್ಷರದಲ್ಲಿ ‘ಮುಂದಕ್ಕೆ ಕಳಿಸಲಾಗಿದೆ’ ಎಂದಿತ್ತು. ಮೂವತ್ತೊಂದನೆಯದರ ಎದುರಿಗೆ ಮಾತ್ರ ಅಕ್ಷರ ಕೆಂಪಗಿತ್ತು. ಅವನು ಕನ್ನಡಕ ತೆಗೆದು ಒರೆಸಿ, ಮುಖವನ್ನು ಪರದೆಯ ಹತ್ತಿರಕ್ಕೆ ಒಯ್ದ. ಶೀತಲ್ ಬಂಡೆಪ್ಪ ಹೊಸಮನಿ, ಎರಡನೇ ವರ್ಷ, ಕಂಪ್ಯೂಟರ್ ವಿಭಾಗ. ಕಾಲೇಜಿನಿಂದ ತಿರಸ್ಕೃತ.

ಅವನು ಪುಟ ಮುಚ್ಚಿ ಮತ್ತೆ ತೆರೆದ. ಅಕ್ಷರ ಕೆಂಪಗೇ ಇತ್ತು.

ಮುಂಬಯಿಯ ಮುಲುಂಡಿನ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ಹನ್ನೊಂದು ವರ್ಷದಿಂದ ಸ್ಕಾಲರ್‌ಶಿಪ್ಪಿನ ಕಿಟಕಿ ಅವನದೇ. ಸಯನ್‌ನಲ್ಲಿರುವ ಜೀವರಾಜ ಟ್ರಸ್ಟ್ ಎಂಬುದು ವರ್ಷವರ್ಷವೂ ಇಂಥ ಕಾಲೇಜುಗಳಲ್ಲಿ ಓದುವ, ಕೈಯಲ್ಲಿ ಕಾಸಿಲ್ಲದ ಮಕ್ಕಳಲ್ಲಿ ಕೆಲವರನ್ನು ಆರಿಸಿ ಪೂರ್ತಿ ಫೀ ಕಟ್ಟುತ್ತಿತ್ತು. ಮಕ್ಕಳು ಟ್ರಸ್ಟಿನ ವೆಬ್‌ಸೈಟಿನಲ್ಲಿ ಅರ್ಜಿ ತುಂಬಬೇಕು. ಕಾಲೇಜಿನ ಗುಮಾಸ್ತ ಅವರ ಕಾಗದಗಳನ್ನು ಪರೀಕ್ಷಿಸಿ ಮುಂದಕ್ಕೆ ಕಳಿಸಬೇಕು. ಕಾಗದದಲ್ಲಿ ಊನವಿದ್ದರೆ ತಿದ್ದಿಕೊಂಡು ಬರಲಿ ಎಂದು ಹಿಂದಕ್ಕೆ ಕಳಿಸಬಹುದು. ಸುಳ್ಳು ಕಾಗದವಾಗಿದ್ದರೆ ತಿರಸ್ಕರಿಸಬಹುದು. ಮೂರಕ್ಕೂ ಮೂರು ಬಟನ್ನುಗಳು, ಒಂದರ ಪಕ್ಕದಲ್ಲಿ ಒಂದು.

ಶನಿವಾರ ಮಧ್ಯಾಹ್ನ ಏನಾಗಿತ್ತು ಎಂಬುದು ಅವನಿಗೆ ಈಗ ಚೆನ್ನಾಗಿಯೇ ನೆನಪಾಯಿತು. ಶೀತಲ್‌ಳ ಆದಾಯ ಪ್ರಮಾಣಪತ್ರ ಮಸುಕಾಗಿ ಕಾಣುತ್ತಿತ್ತು. ಹಿಂದಕ್ಕೆ ಕಳಿಸಿ, ಹುಡುಗಿಗೊಂದು ಫೋನ್ ಮಾಡಿ, ಅರ್ಧ ಗಂಟೆಯಲ್ಲಿ ಇನ್ನೊಮ್ಮೆ ಹಾಕಿಸೋಣ ಎಂದುಕೊಂಡಿದ್ದ. ಬಟನ್ ಒತ್ತಿದ. ‘ಖಚಿತವೇ?’ ಎಂದು ಕೇಳುವ ಸಣ್ಣ ಚೌಕ ಬಂತು. ಓದದೆಯೇ ಹೂಂ ಎಂದ. ಅಷ್ಟರಲ್ಲಿ ಕಿಟಕಿಯಲ್ಲಿ ಯಾರೋ ಬಂದರು, ಫೋನ್ ಮಾಡುವುದು ಮರೆತೇ ಹೋಯಿತು.

ಓದಿದ್ದರೂ ಕಾಣುತ್ತಿತ್ತೋ ಇಲ್ಲವೋ. ಬಲಗಣ್ಣಿಗೆ ಪೊರೆ ಬಂದು ಎಂಟು ತಿಂಗಳಾಗಿತ್ತು. ಡಾಕ್ಟರು ಆಪರೇಶನ್ ಎಂದಿದ್ದರು. ಕಾಶಿನಾಥ ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅವನ ನೌಕರಿ ವರ್ಷಕ್ಕೊಮ್ಮೆ ನವೀಕರಣವಾಗುವ ನೌಕರಿ. ಹೋದ ವರ್ಷ ಐವತ್ತೆರಡು ದಾಟಿದ ಇಬ್ಬರನ್ನು ನವೀಕರಿಸದೆ ಕೈಬಿಟ್ಟಿದ್ದರು. ಅವನಿಗೆ ಐವತ್ಮೂರು.

ಅವನು ಈಗ ಹಿಂದಕ್ಕೆ ಕಳಿಸುವ ಬಟನ್ನನ್ನು ಮತ್ತೆ ಮತ್ತೆ ಒತ್ತಿ ನೋಡಿದ. ಅದು ಬೂದಿ ಬಣ್ಣಕ್ಕೆ ತಿರುಗಿ ಸುಮ್ಮನೆ ಕೂತಿತ್ತು.

ಚಹಾ ಬಂದು ಆರಿ ಹೋಯಿತು. ಹನ್ನೊಂದರ ಹೊತ್ತಿಗೆ ಅಕೌಂಟ್ಸಿನ ಚಂಪಾ ತನ್ನ ರಿಜಿಸ್ಟರ್ ಹಿಡಿದು ಬಂದಳು. ಧಾರವಾಡ ಕಡೆಯವಳು, ಕಾಲೇಜಿನಲ್ಲಿ ಅವನೊಡನೆ ಕನ್ನಡ ಮಾತಾಡುವವಳು ಅವಳೊಬ್ಬಳೇ.

“ಅಣ್ಣಾರ, ಟ್ರಸ್ಟಿಗೆ ಹೋದವರ ಹೆಸರು ಹೇಳ್ರಿ. ಅವರಿಗೆ ಫೀ ನೋಟೀಸು ಕಳಸೂದಿಲ್ಲ. ಉಳದವರು ಮೂವತ್ತನೇ ತಾರೀಖಿನೊಳಗ ಕಟ್ಟಬೇಕು, ಇಲ್ಲಾಂದ್ರ ಹಾಲ್‌ಟಿಕೆಟ್ ಸಿಗೂದಿಲ್ಲಂತ. ಪ್ರಿನ್ಸಿಪಾಲ್ ಮೇಡಂ ಈ ಸಲ ಭಾಳ ಗಟ್ಟಿ ಹೇಳ್ಯಾರ.”

ಕಾಶಿನಾಥ ಹೆಸರುಗಳನ್ನು ಓದುತ್ತಾ ಹೋದ. ಮೂವತ್ತು ಮುಗಿಯಿತು. ಅವನ ದನಿ ಒಂದು ಗಳಿಗೆ ನಿಂತಿತು.

“ಮುಂದ?” ಎಂದಳು ಚಂಪಾ, ಪೆನ್ನು ಎತ್ತಿ ಹಿಡಿದು.

“ಶೀತಲ್ ಹೊಸಮನಿ,” ಎಂದ ಕಾಶಿನಾಥ.

ಅವಳು ಟಿಕ್ ಹಾಕಿಕೊಂಡಳು. ಮೊದಲನೆಯ ಸುಳ್ಳು ಹೀಗೆ ಹೊರಬಿತ್ತು, ಅದೂ ಒಬ್ಬ ಹುಡುಗಿಯ ಹೆಸರಿನ ರೂಪದಲ್ಲಿ. ಎರಡು ದಿನದಲ್ಲಿ ಟ್ರಸ್ಟಿಗೆ ಫೋನ್ ಮಾಡಿ ಸರಿ ಮಾಡಿಬಿಟ್ಟರೆ ಅದು ಸುಳ್ಳಾಗಿ ಉಳಿಯುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮಂಗಳವಾರ ಮೂರು ಸಲ ಫೋನ್ ಮಾಡಿದ. ಯಾರೋ ಎತ್ತಿ, ಹೋಲ್ಡ್ ಮಾಡಿ ಎಂದು ಹೇಳಿ ಹಾಗೆಯೇ ಬಿಟ್ಟರು. ತಾನು ಯಾವ ಕಾಲೇಜು, ಏನು ವಿಷಯ ಎಂದು ಹೇಳುವ ಮೊದಲೇ ಲೈನು ಕಡಿದಾಗ, ನಿಜ ಹೇಳಬೇಕೆಂದರೆ, ಅವನಿಗೆ ಹಗುರವೆನಿಸಿತ್ತು.

ಬುಧವಾರ ಬಂಡೆಪ್ಪನೇ ಬಂದ.

ಬಂಡೆಪ್ಪ ಶೀತಲ್‌ಳ ಅಪ್ಪ. ಕಲಬುರಗಿ ಕಡೆಯವನು, ಪವಾಯಿಯಲ್ಲಿ ಏಳುತ್ತಿರುವ ಗಗನಚುಂಬಿ ಬಿಲ್ಡಿಂಗುಗಳಲ್ಲಿ ಟೈಲ್ಸ್ ಕೂರಿಸುವ ಕೆಲಸಗಾರ. ಹೋದ ವರ್ಷ ಮಗಳ ಅಡ್ಮಿಶನ್ನಿಗೆ ಬಂದಾಗ, ಕಿಟಕಿಯಾಚೆ ಕನ್ನಡ ಕೇಳಿ ಅವನ ಮುಖ ಅರಳಿದ್ದನ್ನು ಕಾಶಿನಾಥ ಮರೆತಿರಲಿಲ್ಲ. ಮೊದಲ ವರ್ಷದ ಫೀಗೆ ಹೆಂಡತಿ ಲಕ್ಷ್ಮವ್ವನ ಕಿವಿಯದ್ದು, ಕೊರಳದ್ದು ಎಲ್ಲಾ ಹೋಗಿತ್ತು. ಆಗ ಟ್ರಸ್ಟಿನ ವಿಷಯ ಹೇಳಿ, ಎರಡನೇ ವರ್ಷಕ್ಕೆ ಅರ್ಜಿ ಹಾಕಿಸಿ, ಇಷ್ಟು ಮಾರ್ಕ್ಸ್ ಇದ್ದರೆ ಸಿಕ್ಕೇ ಸಿಗುತ್ತದೆ ಎಂದು ಧೈರ್ಯ ತುಂಬಿದವನು ಕಾಶಿನಾಥನೇ.

“ನಮಸ್ಕಾರ್ರಿ ಸಾಹೇಬ್ರ. ಪೋರಿದು ಫಾರಂ ಹೋತೇನ್ರಿ?” ಎಂದ ಬಂಡೆಪ್ಪ. ಕೂದಲಲ್ಲಿ ಬಿಳಿ ಸಿಮೆಂಟಿನ ಧೂಳು ಹಾಗೆಯೇ ಇತ್ತು. ಅರ್ಧ ದಿನದ ಕೆಲಸ ಬಿಟ್ಟು ಬಂದಿರಬೇಕು.

“ಹೋಗ್ಯಾದ,” ಎಂದ ಕಾಶಿನಾಥ.

“ಆ ಇನ್‌ಕಂ ಸರ್ಟಿಫಿಕೇಟು ಬರೋಬ್ಬರಿ ಇತ್ತಿಲ್ರಿ? ಅದಕ್ಕಾಗಿ ನಾಕು ಸಲ ತಹಸೀಲ್ ಕಚೇರಿಗೆ ಅಡ್ಡಾಡೀನ್ರಿ.”

“ಇತ್ತು. ಎಲ್ಲಾ ಬರೋಬ್ಬರಿ ಅದ. ಈಗ ಅವರ ಕಮಿಟಿ ನೋಡ್ತದ. ಪ್ರೊಸೆಸ್‌ನ್ಯಾಗ ಅದ, ಬಂಡೆಪ್ಪ. ಟೈಮ್ ಹಿಡೀತದ.”

“ಹಿಡೀಲಿ ಬಿಡ್ರಿ. ನೀವು ಇದ್ದೀರಂದ್ರ ನಮಗೇನ್ ಚಿಂತಿ.” ಬಂಡೆಪ್ಪ ಕೈಮುಗಿದು ಹೋದ.

ಆ ದಿನ ಕಾಶಿನಾಥ ಊಟದ ಡಬ್ಬಿ ಬಿಚ್ಚಲಿಲ್ಲ. ಸಂಜೆ ಮನೆಗೆ ಹೋದಾಗ ಹೆಂಡತಿ ಶೈಲಾ ತುಂಬಿದ ಡಬ್ಬಿಯ ತೂಕ ನೋಡಿಯೇ, “ಏನಾಗ್ಯಾದ ನಿಮಗ? ಮೂರು ದಿನದಿಂದ ನೋಡ್ಲಿಕ್ಹತ್ತೀನಿ,” ಎಂದಳು. ಏನಿಲ್ಲ ಎಂದ. ಕಣ್ಣಿಗೆ ಔಷಧ ಹಾಕಲು ಬಂದವಳ ಕೈಯನ್ನು ಸರಿಸಿ ಬಾಲ್ಕನಿಗೆ ಹೋಗಿ ನಿಂತ. ಕೆಳಗೆ ಸೊಸೈಟಿಯ ಹುಡುಗಿಯರು ಕೋಚಿಂಗ್ ಕ್ಲಾಸಿನಿಂದ ಬರುತ್ತಿದ್ದರು. ಒಬ್ಬೊಬ್ಬಳೂ ಶೀತಲ್‌ಳಂತೆ ಕಂಡಳು.

ಗುರುವಾರ ಮೂರು ಗಂಟೆಗೆ ಶೀತಲ್ ಬಂದು ಕಿಟಕಿಯ ಮುಂದೆ ನಿಂತಳು. ಕೈಯಲ್ಲಿ ಮೊಬೈಲು. ಅವಳೇನೂ ಮಾತಾಡದೆ ಅದನ್ನು ಸರಳುಗಳ ನಡುವಿನಿಂದ ಒಳಗೆ ಚಾಚಿದಳು. ಪುಟ್ಟ ಪರದೆಯ ಮೇಲೆ ಅದೇ ಕೆಂಪು ಅಕ್ಷರ.

“ಅಂಕಲ್, ಯೆ ದೇಖೋ ನಾ,” ಎಂದಳು. ಅವಳು ಹುಟ್ಟಿದ್ದೇ ಮುಂಬಯಿಯಲ್ಲಿ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುವಾಗ ತಡವರಿಸುತ್ತಿತ್ತು. “ರಿಜೆಕ್ಟೆಡ್ ಅಂತ ತೋರಸ್ತದ.”

ಕಾಶಿನಾಥ ಹೇಳಿಬಿಡಬೇಕು ಎಂದುಕೊಂಡ. ಬಾಯಿ ತೆರೆದ ಕೂಡಾ. ಅಷ್ಟರಲ್ಲಿ ಹುಡುಗಿಯೇ ಮುಂದುವರಿಸಿದಳು.

“ನನ್ನ ಮಿಸ್ಟೇಕ್ ಅದ, ಅಂಕಲ್. ಆ ಸರ್ಟಿಫಿಕೇಟ್ ಬ್ಲರ್ ಇತ್ತು. ಝೆರಾಕ್ಸ್ ಅಂಗಡಿಯವನ ಸ್ಕ್ಯಾನರ್ ಖರಾಬ್ ಇತ್ತು, ನನಗ ಗೊತ್ತಿತ್ತು. ಕ್ಲಾಸಿಗೆ ಲೇಟ್ ಆಗ್ತದ ಅಂತ ಹಂಗೇ ಅಪ್‌ಲೋಡ್ ಮಾಡಿದೆ.” ಅವಳು ಮೊಬೈಲನ್ನು ಹಿಂದಕ್ಕೆ ಎಳೆದುಕೊಂಡಳು. “ಪಪ್ಪಾ ನಾಕು ಸಲ ಹೋಗಿ ತಂದಿದ್ದು. ನಾನು ಒಂದು ಸ್ಕ್ಯಾನ್ ನೀಟಾಗಿ ಮಾಡ್ಲಿಲ್ಲ.”

“ಹಂಗಲ್ಲವಾ...”

“ಪಪ್ಪಾಗ ಹೇಳಬ್ಯಾಡ್ರಿ, ಪ್ಲೀಸ್. ನಾನೇ ಹೇಳ್ತೀನಿ, ಆಮೇಲೆ. ಪವಾಯಿನಾಗ ಒಂದು ಮೊಬೈಲ್ ಶೋರೂಮ್‌ನಾಗ ಜಾಬ್ ಅದ. ನಮ್ಮ ಬಾಜೂಮನಿ ದೀದಿ ಅಲ್ಲೇ ಮಾಡ್ತಾಳ. ಈ ವರ್ಷ ಡ್ರಾಪ್ ತಗೊಂಡು ಜಾಬ್ ಮಾಡ್ತೀನಿ. ನೆಕ್ಸ್ಟ್ ಇಯರ್ ನೋಡೋಣ.”

ಕಾಶಿನಾಥ ಅವಳನ್ನೇ ನೋಡಿದ. ಹತ್ತೊಂಬತ್ತರ ಹುಡುಗಿ, ತನ್ನದಲ್ಲದ ತಪ್ಪನ್ನು ಹೊತ್ತುಕೊಂಡು, ಅದರ ಮೇಲೆ ಒಂದು ವರ್ಷದ ಲೆಕ್ಕಾಚಾರವನ್ನೂ ಮಾಡಿ ಮುಗಿಸಿ ಬಂದಿದ್ದಳು. ಅವನೇನೂ ಮಾಡಬೇಕಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಯಾರೂ ಎಂದೂ ಕೇಳುವುದಿಲ್ಲ. ನೌಕರಿ ಉಳಿಯುತ್ತದೆ, ಕಣ್ಣಿನ ವಿಷಯ ಯಾರಿಗೂ ತಿಳಿಯುವುದಿಲ್ಲ.

“ನೋಡೂಣು,” ಎಂದ. ಬೇರೇನೂ ಹೇಳಲಿಲ್ಲ.

“ಥ್ಯಾಂಕ್ಯೂ ಅಂಕಲ್,” ಎಂದು ಹುಡುಗಿ ಕಣ್ಣೊರೆಸಿಕೊಂಡು ಹೊರಟುಹೋದಳು.

ಆ ಥ್ಯಾಂಕ್ಯೂ ಅವನನ್ನು ಸುಡತೊಡಗಿತು. ಐದು ಗಂಟೆಗೆ ಕಾಲೇಜು ಬಿಟ್ಟವನು ಮನೆಯ ದಾರಿ ಹಿಡಿಯದೆ ಮುಲುಂಡ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತ. ಒಂದರ ಹಿಂದೊಂದು ಲೋಕಲ್ ಬಂದವು, ಹೋದವು. ಆರೂವರೆಗೆ ಶೈಲಾಳ ಫೋನ್ ಬಂತು. ಅವನು ಅಲ್ಲೇ ಕೂತು, ಗದ್ದಲದ ನಡುವೆ ಒಂದು ಕಿವಿ ಮುಚ್ಚಿಕೊಂಡು, ಅವಳಿಗೆ ಎಲ್ಲವನ್ನೂ ಹೇಳಿದ. ಎದುರಿಗೆ ಕೂತು ಹೇಳಲು ಆಗುತ್ತಿರಲಿಲ್ಲವೇನೋ.

ಶೈಲಾ, “ಆಕಿ ತಾನೇ ತಪ್ಪು ಮಾಡೀನಿ ಅಂದಾಗ ನೀವು ಸುಮ್ಮ ಕೂತ್ರಿ?” ಎಂದಳು.

“ಕೂತೆ.”

“ನೌಕರಿ ಹೋದ್ರ ನಾ ಮಿಶೀನ್ ಮ್ಯಾಲೆ ಕೂಡ್ತೀನಿ, ಮೊದಲೂ ಹೊಲದೀನಿ. ಆದ್ರ ಹಿಂಗ ಮಾಡಿದ ಮನಶಾನ ಜೋಡಿ ಹೆಂಗ ಕೂಡ್ಲಿ?” ಎಂದು ಫೋನ್ ಇಟ್ಟುಬಿಟ್ಟಳು.

ಶುಕ್ರವಾರ ಅವನು ಕಾಲೇಜಿಗೆ ಹೋಗದೆ ನೇರ ಸಯನ್‌ಗೆ ಹೋದ. ಟ್ರಸ್ಟಿನ ಆಫೀಸು ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ, ಹಳೆಯ ಮೂರಂತಸ್ತಿನ ಕಟ್ಟಡದ ಮೇಲ್ಮಹಡಿ. ಹತ್ತೂವರೆಗೆ ಹೋಗಿ ಕೂತವನಿಗೆ, ಅರ್ಜಿಗಳನ್ನು ನೋಡಿಕೊಳ್ಳುವ ಮೀನಲ್‌ಬೆನ್ ಸಿಕ್ಕಿದ್ದು ಹನ್ನೊಂದೂಮುಕ್ಕಾಲಿಗೆ. ಅರವತ್ತರ ಗುಜರಾತಿ ಹೆಂಗಸು, ಬಿಳಿ ಸೀರೆ, ಚೂಪು ದೃಷ್ಟಿ. ಕಾಶಿನಾಥ ತನ್ನ ಹರಕು ಹಿಂದಿಯಲ್ಲಿ ಸುತ್ತುಬಳಸದೆ ಹೇಳಿದ. ಹುಡುಗಿಯ ಅರ್ಜಿ ಸರಿಯಾಗಿತ್ತು, ಒತ್ತಬಾರದ ಬಟನ್ ಒತ್ತಿದವನು ನಾನು.

ಮೀನಲ್‌ಬೆನ್ ಕಂಪ್ಯೂಟರಿನಲ್ಲಿ ಅರ್ಜಿ ತೆಗೆದು ನೋಡಿದರು. ಮಾರ್ಕ್ಸ್ ನೋಡಿ ಒಂದು ಸಲ ಹುಬ್ಬೇರಿಸಿದರು.

“ಒಳ್ಳೆ ಹುಡುಗಿ. ಆದರೆ ನೀವು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ,” ಎಂದರು. “ತಿರಸ್ಕಾರ ಕಾಲೇಜಿನ ಹೆಸರಿನಲ್ಲಿ ಆಗಿದೆ. ತಪ್ಪು ಕಾಲೇಜಿನದು, ವಿದ್ಯಾರ್ಥಿಯದಲ್ಲ ಎಂದು ನಿಮ್ಮ ಪ್ರಿನ್ಸಿಪಾಲರು ಸಹಿ, ಮೊಹರಿನ ಸಿಕ್ಕಾ ಹಾಕಿದ ಪತ್ರ ಕೊಡಬೇಕು. ಮೂಲ ಪ್ರತಿ. ಮೇಲ್ ಬೇಡ.”

“ನಾಳೆ ತರುತ್ತೇನೆ.”

“ನಾಳೆ ತಂದರೆ ಮುಂದಿನ ವರ್ಷಕ್ಕೆ ಆಗುತ್ತದೆ. ಕಮಿಟಿ ಇವತ್ತು ನಾಲ್ಕು ಗಂಟೆಗೆ ಕೂಡುತ್ತಿದೆ.”

ಅವನು ಮೆಟ್ಟಿಲುಗಳನ್ನು ಇಳಿದ ರಭಸಕ್ಕೆ ಕೆಳಗೆ ಕೂತಿದ್ದ ವಾಚ್‌ಮನ್ ಎದ್ದು ನಿಂತ. ಬಲಗಣ್ಣಿನಲ್ಲಿ ಮೆಟ್ಟಿಲಿನ ಅಂಚುಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ಸ್ಲೋ ಲೋಕಲ್ ಹಿಡಿದು ಮುಲುಂಡಿಗೆ ಬಂದಾಗ ಒಂದು ಗಂಟೆಗೆ ಐದು ನಿಮಿಷ. ಪ್ರಿನ್ಸಿಪಾಲ್ ಮೇಡಂ ಮೀಟಿಂಗಿನಲ್ಲಿದ್ದರು. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ಅವನು ಪತ್ರ ಬರೆದ. ಹರಿದು ಹಾಕಿ ಮತ್ತೆ ಬರೆದ. ಎದುರಿನ ಗೋಡೆಯ ಗಡಿಯಾರ ಒಂದೂವರೆ ತೋರಿಸಿತು, ಎರಡು ತೋರಿಸಿತು. ಒಳಗಿನಿಂದ ನಗುವಿನ ಸದ್ದು, ಪ್ಲೇಟುಗಳ ಸದ್ದು ಬರುತ್ತಿತ್ತು. ಎರಡೂಕಾಲಿಗೆ ಬಾಗಿಲು ತೆರೆಯಿತು.

ಮೇಡಂ ಪತ್ರ ಓದಿ ಮೇಜಿನ ಮೇಲಿಟ್ಟರು. ಅವರು ಮಾತಾಡುವುದು ಮರಾಠಿಯಲ್ಲಿ, ಸಿಟ್ಟು ಬಂದಾಗ ದನಿ ಇನ್ನಷ್ಟು ಮೆತ್ತಗಾಗುತ್ತಿತ್ತು.

“ಅಂದರೆ ನಮ್ಮ ಕಾಲೇಜು ಅರ್ಜಿಗಳನ್ನು ಕಣ್ಣು ಮುಚ್ಚಿ ನೋಡುತ್ತದೆ ಎಂದು ನಾನು ಬರೆದು ಕೊಡಬೇಕು. ಮುಂದಿನ ಸಲ ನಲವತ್ಮೂರು ಮಕ್ಕಳ ಅರ್ಜಿಯನ್ನೂ ಅವರು ಅನುಮಾನದಿಂದಲೇ ನೋಡುತ್ತಾರೆ. ಅದು ಗೊತ್ತೇ ನಿಮಗೆ?”

“ಗೊತ್ತು ಮೇಡಂ. ಕಾಲೇಜು ಎಂದು ಬರೆಯುವುದು ಬೇಡ. ನನ್ನ ಹೆಸರು ಬರೆಯಿರಿ.”

“ಇಂಥ ತಪ್ಪು ಹೇಗಾಯಿತು? ಹನ್ನೊಂದು ವರ್ಷದಿಂದ ಮಾಡುತ್ತಿದ್ದೀರಿ.”

ಇದೇ ಪ್ರಶ್ನೆಗೆ ಅವನು ಐದು ದಿನ ಹೆದರಿದ್ದು. ಗಡಿಯಾರದಲ್ಲಿ ಎರಡೂ ಇಪ್ಪತ್ತೈದು.

“ಬಲಗಣ್ಣು ಕಾಣುವುದಿಲ್ಲ. ಪೊರೆ ಬಂದಿದೆ. ಎಂಟು ತಿಂಗಳಿಂದ ಮುಚ್ಚಿಟ್ಟಿದ್ದೇನೆ. ಆ ಹುಡುಗಿಯ ಹೆಸರನ್ನು ಚಂಪಾಳ ಪಟ್ಟಿಗೆ ಸುಳ್ಳು ಹೇಳಿ ಸೇರಿಸಿದವನೂ ನಾನೇ. ಚಂಪಾಳದೇನೂ ತಪ್ಪಿಲ್ಲ. ನಿನ್ನೆ ಆ ಹುಡುಗಿ ತನ್ನದೇ ತಪ್ಪೆಂದು ಅತ್ತುಕೊಂಡು ಹೋದಳು. ಕಾಲೇಜು ಬಿಡುತ್ತೇನೆ ಎನ್ನುತ್ತಿದ್ದಾಳೆ.”

ಮೇಡಂ ಅವನ ಮುಖವನ್ನು ದಿಟ್ಟಿಸಿದರು. ಎದ್ದು ಕಿಟಕಿಯ ಹತ್ತಿರ ಹೋಗಿ ಯಾರಿಗೋ ಫೋನ್ ಮಾಡಿದರು. ಇಂಗ್ಲಿಷಿನಲ್ಲಿ, ಪಿಸುದನಿಯಲ್ಲಿ, ದೀರ್ಘವಾಗಿ. ಕಾಶಿನಾಥ ಗಡಿಯಾರ ನೋಡುತ್ತಾ ನಿಂತೇ ಇದ್ದ. ಕೊನೆಗೆ ಅವರು ಬಂದು ಕೂತು, ಅವನ ಪತ್ರವನ್ನು ಬದಿಗಿಟ್ಟು, ತಾವೇ ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಟೈಪ್ ಮಾಡಿದರು. ನಮ್ಮ ಗುಮಾಸ್ತನ ತಪ್ಪಿನಿಂದ ಎಂದು ಬರೆದು, ಸಹಿ ಮಾಡಿ, ಸಿಕ್ಕಾ ಒತ್ತಿದರು.

“ಸೋಮವಾರದಿಂದ ನೀವು ಆ ಕಿಟಕಿಯಲ್ಲಿ ಕೂರುವುದಿಲ್ಲ. ಮಿಕ್ಕದ್ದನ್ನು ಆಮೇಲೆ ನೋಡೋಣ. ಈಗ ಓಡಿ.”

ಮೂರೂ ಐದರ ಲೋಕಲ್ ಸಿಕ್ಕಿತು. ಬಾಗಿಲ ಹತ್ತಿರ ನಿಂತು, ಪತ್ರವಿದ್ದ ಫೈಲನ್ನು ಎದೆಗೆ ಅವಚಿಕೊಂಡು ಅವನು ಸ್ಟೇಷನ್ನುಗಳನ್ನು ಎಣಿಸಿದ. ಭಾಂಡುಪ್. ಕಾಂಜೂರ್‌ಮಾರ್ಗ್. ವಿಕ್ರೋಲಿ. ಘಾಟ್ಕೋಪರ್‌ನಲ್ಲಿ ಜನ ಒಳನುಗ್ಗಿ ಅವನನ್ನು ಗೋಡೆಗೆ ಒತ್ತಿದರು. ವಿದ್ಯಾವಿಹಾರ್ ದಾಟಿದ ಮೇಲೆ ಗಾಡಿ ನಿಧಾನವಾಯಿತು. ಆಮೇಲೆ ನಿಂತೇಬಿಟ್ಟಿತು.

ಐದು ನಿಮಿಷವಾಯಿತು. ಎಂಟಾಯಿತು. ಫ್ಯಾನುಗಳು ಗರಗರ ತಿರುಗುತ್ತಿದ್ದವು. ಯಾರೋ ಸಿಗ್ನಲ್ ಎಂದರು, ಇನ್ಯಾರೋ ಮುಂದಿನ ಗಾಡಿ ಕೆಟ್ಟಿದೆ ಎಂದರು. ಕೆಲವರು ಹಳಿಗೆ ಹಾರಿ ಕುರ್ಲಾ ಕಡೆಗೆ ನಡೆಯತೊಡಗಿದರು. ಕಾಶಿನಾಥ ಬಾಗಿಲಿಗೆ ಬಂದು ಕೆಳಗೆ ನೋಡಿದ. ಜಲ್ಲಿಕಲ್ಲು ಎಷ್ಟು ಆಳದಲ್ಲಿದೆ ಎಂಬುದೇ ತಿಳಿಯಲಿಲ್ಲ. ಎಡಗಣ್ಣಿಗೆ ಒಂದು ಅಳತೆ, ಬಲಗಣ್ಣಿಗೆ ಇನ್ನೊಂದು. ಕಾಲು ಮುಂದಿಟ್ಟ, ಹಿಂದೆಗೆದ. ಪಕ್ಕದ ಹಳಿಯ ಮೇಲೆ ಫಾಸ್ಟ್ ಲೋಕಲೊಂದು ಅಬ್ಬರಿಸಿಕೊಂಡು ಹೋಯಿತು. ಅದರ ಗಾಳಿ ಮುಖಕ್ಕೆ ಬಡಿದಾಗ ಅವನು ಒಳಕ್ಕೆ ಸರಿದ. ಕಂಬಿ ಹಿಡಿದುಕೊಂಡು ನಿಂತ. ಮೂರೂ ಮೂವತ್ತೇಳು. ಮೂರೂ ನಲವತ್ತೊಂದು. ಈ ಐದು ದಿನಗಳಲ್ಲಿ ಯಾವುದೇ ದಿನ ಒಂದು ಮಾತು ಹೇಳಿದ್ದರೆ ಈ ಹೊತ್ತು ಹೀಗೆ ನಿಲ್ಲಬೇಕಾಗಿರಲಿಲ್ಲ ಎಂಬುದೊಂದೇ ತಲೆಯೊಳಗೆ ಸುತ್ತುತ್ತಿತ್ತು.

ಮೂರೂ ನಲವತ್ತಾರಕ್ಕೆ ಗಾಡಿ ಒಂದು ಸಲ ಜಗ್ಗಿ ಹೊರಟಿತು.

ಸಯನ್‌ನಲ್ಲಿ ಇಳಿದು ಅವನು ಓಡಿದ. ಐವತ್ಮೂರರ ಮನುಷ್ಯ, ಇಸ್ತ್ರಿ ಶರ್ಟು, ಚಪ್ಪಲಿ, ಜನರ ನಡುವೆ ದಾರಿ ಬಿಡಿಸಿಕೊಳ್ಳುತ್ತಾ. ಟ್ರಸ್ಟಿನ ಮೇಲ್ಮಹಡಿ ಮುಟ್ಟಿದಾಗ ನಾಲ್ಕು ಗಂಟೆ ಹತ್ತು ನಿಮಿಷ. ಒಳಕೋಣೆಯ ಬಾಗಿಲು ಮುಚ್ಚಿತ್ತು. ಹೊರಗೆ ಆರು ಜೊತೆ ಚಪ್ಪಲಿ. ಕಮಿಟಿ ಕೂತುಬಿಟ್ಟಿತ್ತು.

ಅವನು ಬಾಗಿಲು ಬಡಿದ. ಮೀನಲ್‌ಬೆನ್ ಅರ್ಧ ಬಾಗಿಲು ತೆರೆದು ನೋಡಿದರು. ಅವನ ಮುಖ ನೋಡಿದರು, ಚಾಚಿದ ಪತ್ರ ನೋಡಿದರು, ಕೈಗಡಿಯಾರ ನೋಡಿಕೊಂಡರು.

“ನಿಮ್ಮ ಕಾಲೇಜಿನ ಸರದಿ ಇನ್ನೂ ಬಂದಿಲ್ಲ,” ಎಂದು ಪತ್ರ ತೆಗೆದುಕೊಂಡರು. “ಇಡುತ್ತೇನೆ. ಆಗುತ್ತದೆ ಎಂದು ಮಾತ್ರ ನನ್ನ ಕೈಲಿ ಹೇಳಿಸಬೇಡಿ. ಪಟ್ಟಿ ಗುರುವಾರ ಹೊರಬೀಳುತ್ತದೆ.”

ಬಾಗಿಲು ಮುಚ್ಚಿತು. ಅವನು ಮೆಟ್ಟಿಲ ಮೇಲೆ ಕೂತು ಶೀತಲ್‌ಗೆ ಫೋನ್ ಮಾಡಿದ. ಎಲ್ಲವನ್ನೂ ಹೇಳಿದ.

“ನಿನ್ನೆ ಯಾಕೆ ಹೇಳಲಿಲ್ಲ, ಅಂಕಲ್?” ಎಂದಳು. “ರಾತ್ರಿಯೆಲ್ಲಾ ನನಗೇ ಬೈಕೊಂಡೆ ನಾನು.”

ಅವಳು ಫೋನ್ ಕಡಿದಳು.

ಬಂಡೆಪ್ಪನಿಗೆ ಫೋನಿನಲ್ಲಿ ಹೇಳಬಾರದೆಂದು ಭಾನುವಾರ ಪವಾಯಿಗೆ ಹೋದ. ಕೆಲಸದ ಜಾಗದಲ್ಲಿ ಭಾನುವಾರವೂ ರಜೆ ಇರಲಿಲ್ಲ. ಹದಿನಾಲ್ಕನೇ ಮಹಡಿಯ ಖಾಲಿ ಫ್ಲ್ಯಾಟೊಂದರಲ್ಲಿ ಬಂಡೆಪ್ಪ ಮೊಣಕಾಲೂರಿ ಕೂತು ಟೈಲ್ಸ್ ಕತ್ತರಿಸುತ್ತಿದ್ದ. ಯಂತ್ರದ ಕಿರುಚಾಟ ಕಿವಿ ಕೊರೆಯುವಂತಿತ್ತು. ಕಾಶಿನಾಥನನ್ನು ಕಂಡು ಗಾಬರಿಯಿಂದ ಎದ್ದ.

“ಸಾಹೇಬ್ರ, ನೀವು ಇಲ್ಲಿ? ಪೋರಿಗೇನಾತ್ರಿ?”

“ಆಕಿ ಆರಾಮದಾಳ. ನಾ ತಪ್ಪು ಮಾಡೀನಿ ಬಂಡೆಪ್ಪ. ಅದನ್ನ ಹೇಳ್ಲಿಕ್ಕೆ ಬಂದೀನಿ.”

ಹೇಳಿ ಮುಗಿಸುವ ತನಕ ಬಂಡೆಪ್ಪ ಕದಲಲಿಲ್ಲ. ಕೈಯಲ್ಲಿದ್ದ ತುಂಡು ಟೈಲ್ಸನ್ನು ಹಾಗೆಯೇ ಹಿಡಿದಿದ್ದ.

“ಬುಧವಾರ ನಾ ಬಂದಾಗ ನಿಮಗ ಗೊತ್ತಿತ್ತು,” ಎಂದ.

“ಗೊತ್ತಿತ್ತು.”

“ನನ್ನ ಮಾರಿ ನೋಡ್ಕೋತ ಬರೋಬ್ಬರಿ ಅದ ಅಂದ್ರಿ.”

ಕಾಶಿನಾಥ ತಲೆ ತಗ್ಗಿಸಿದ.

“ಬಟನ್ ತಪ್ಪಿ ಒತ್ತೀರಿ, ಅದು ನನಗ ತಿಳೀತದ. ನನ್ನ ಕೈಲೂ ದಿನಾ ಎರಡು ಟೈಲ್ಸ್ ಒಡೀತಾವ. ಆದ್ರ ನಮ್ಮ ಭಾಷಾ ಮಾತಾಡ್ತೀರಿ ಅಂತ ನಾ ನಿಮ್ಮನ್ನ ನಂಬಿದ್ದೆ. ಆ ಕಾಲೇಜಿನ್ಯಾಗ ನನಗ ಮತ್ತ್ಯಾರ ಗುರ್ತದ?” ಅವನ ದನಿ ಏರಿತು. ಆಚೆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಬಾಗಿಲಿಗೆ ಬಂದು ಇಣುಕಿದರು. “ಲಕ್ಷ್ಮವ್ವ ಖಾಲಿ ಕಿವಿಲೆ ಅಡ್ಡಾಡ್ತಾಳ. ಕೇಳಿದವರಿಗೆ, ಮಗಳು ಎಂಜಿನೀರ್ ಆದ್ಮ್ಯಾಲೆ ಮಾಡಿಸ್ತಾಳ ಅಂತ ಹೇಳ್ಕೋತ. ಆಕಿಗೆ ಏನಂತ ಹೇಳ್ಲಿ ನಾನು?”

“ನಾ ಬಂದು ಹೇಳ್ತೀನಿ.”

“ಬ್ಯಾಡ. ಹೋಗ್ರಿ ನೀವು.” ಬಂಡೆಪ್ಪ ಮತ್ತೆ ಕೂತ. ಯಂತ್ರದ ಕಡೆ ಕೈ ಹೋಯಿತು, ಚಾಲೂ ಮಾಡಲಿಲ್ಲ. ಕಾಶಿನಾಥ ಬಾಗಿಲು ದಾಟುವಾಗ ಹಿಂದಿನಿಂದ ಮಾತು ಬಂತು. “ಪಟ್ಟಿ ಬಂದ ದಿನಾ ಫೋನ್ ಮಾಡ್ರಿ. ಹೂಂ ಆಗಲಿ, ಇಲ್ಲಾ ಆಗಲಿ. ಮೊದಲು ನನಗ ಮಾಡ್ರಿ, ಪೋರಿಗಲ್ಲ.”

ಸೋಮವಾರ ಕಾಶಿನಾಥನನ್ನು ಲೈಬ್ರರಿಗೆ ಹಾಕಿದರು. ಅವನ ಕಿಟಕಿಯಲ್ಲಿ ಹೊಸಬಳೊಬ್ಬಳು ಬಂದು ಕೂತಳು. ಚಂಪಾ ತನ್ನ ರಿಜಿಸ್ಟರಿನಲ್ಲಿ ಹಾಕಿದ ಟಿಕ್ಕನ್ನು ಅಳಿಸಲೋ ಬಿಡಲೋ ಎಂದು ಕೇಳಲು ಬಂದವಳು, ಅವನ ಮುಖ ನೋಡಿ, “ಗುರುವಾರ ತನಕಾ ಇರಲಿ ತಗೋರಿ,” ಎಂದು ತಾನೇ ಹೇಳಿ ಹೋದಳು. ಆಪರೇಶನ್ನಿಗೆ ದಿನ ಗೊತ್ತು ಮಾಡಿಕೊಂಡು ಬರುವಂತೆ ಮೇಡಂ ಚೀಟಿ ಕಳಿಸಿದ್ದರು. ಮಾರ್ಚಿನಲ್ಲಿ ನವೀಕರಣ ಇದೆಯೋ ಇಲ್ಲವೋ ಎಂಬುದರ ಬಗ್ಗೆ ಚೀಟಿಯಲ್ಲಿ ಒಂದಕ್ಷರ ಇರಲಿಲ್ಲ. ಶೈಲಾ ಮತ್ತೆ ಮಾತಾಡತೊಡಗಿದ್ದಳು. ಆದರೆ ಹೊಲಿಗೆ ಮಿಶೀನನ್ನು ಮಂಚದಡಿಯಿಂದ ಹೊರಗೆಳೆದು, ಎಣ್ಣೆ ಬಿಟ್ಟು, ಕಿಟಕಿಯ ಹತ್ತಿರ ಇಟ್ಟುಕೊಂಡಿದ್ದಳು.

ಮಂಗಳವಾರ, ಬುಧವಾರ ಕಾಲೆಳೆದುಕೊಂಡು ಹೋದವು. ಲೈಬ್ರರಿಯಲ್ಲಿ ಪುಸ್ತಕ ಕೇಳಿದ ಹುಡುಗರಿಗೆ ಬೇರೆಯದನ್ನೇ ತಂದುಕೊಟ್ಟು ನಗೆಗೀಡಾದ. ಒಮ್ಮೆ ಶೀತಲ್ ಬಂದಳು. ಕಾರ್ಡ್ ಇಟ್ಟಳು, ಪುಸ್ತಕ ತೆಗೆದುಕೊಂಡಳು, ಅವನತ್ತ ನೋಡಲಿಲ್ಲ. ಆದರೂ ಅವಳು ಪುಸ್ತಕ ಒಯ್ಯುತ್ತಿದ್ದಾಳೆ, ಇನ್ನೂ ಕಾಲೇಜು ಬಿಟ್ಟಿಲ್ಲ ಎಂಬುದು ಅವನಿಗೆ ಸಾಕಾಯಿತು.

ಗುರುವಾರ ಪಟ್ಟಿ ಹನ್ನೆರಡಕ್ಕೆ ಬರುತ್ತದೆ ಎಂದಿದ್ದರು, ಬರಲಿಲ್ಲ. ಎರಡಕ್ಕೂ ಬರಲಿಲ್ಲ. ಕಾಶಿನಾಥ ಲೈಬ್ರರಿಯ ಹಳೇ ಕಂಪ್ಯೂಟರಿನ ಮುಂದೆ ಕೂತು ಹತ್ತು ನಿಮಿಷಕ್ಕೊಮ್ಮೆ ಪುಟ ತೆರೆದು ಮುಚ್ಚಿದ. ಮೂರೂಕಾಲಿಗೆ ಬಂತು. ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಒಂದೊಂದೇ ಹೆಸರಿನ ಕೆಳಗೆ ಬೆರಳಿಟ್ಟು ಇಳಿದ. ಅವರ ಕಾಲೇಜಿನಿಂದ ಒಂಬತ್ತು ಮಂದಿ. ಮೊದಲ ಐದರಲ್ಲಿ ಇರಲಿಲ್ಲ. ಆರು, ಏಳು. ಎಂಟನೆಯದರಲ್ಲೂ ಇರಲಿಲ್ಲ. ಒಂಬತ್ತನೆಯ ಸಾಲಿನಲ್ಲಿ ಬೆರಳು ನಿಂತಿತು. ಪೂರ್ತಿ ಫೀ ಅಲ್ಲ, ಮುಕ್ಕಾಲು. ತಡವಾಗಿ ಬಂದ ಅರ್ಜಿ ಎಂದು ಪಕ್ಕದಲ್ಲಿ ಷರಾ. ಉಳಿದ ಕಾಲು ಭಾಗವನ್ನು ಕಂತಿನಲ್ಲಿ ಕಟ್ಟಬಹುದೇ ಎಂದು ಮೇಡಂ ಹತ್ತಿರ ಕೇಳಬೇಕು. ಅದನ್ನು ಆಮೇಲೆ ಕೇಳಬಹುದು.

ಅವನು ಹೊರಗೆ ವರಾಂಡಕ್ಕೆ ಬಂದು ಬಂಡೆಪ್ಪನಿಗೆ ಫೋನ್ ಮಾಡಿದ. ಅತ್ತ ಟೈಲ್ಸ್ ಯಂತ್ರದ ಕಿರುಚಾಟ.

“ಬಂಡೆಪ್ಪ, ಪಟ್ಟಿ ಬಂತು. ಹೆಸರು ಅದ. ಮುಕ್ಕಾಲು ಫೀ ಕೊಟ್ಟಾರ.”

“ಏನಂದ್ರಿ? ಕೇಳಸವಲ್ದು!”

“ಹೆಸರು ಅದ ಅಂದೆ!”

ಯಂತ್ರ ನಿಂತಿತು.

“ಪೂರಾ ಹೆಸರು ಓದ್ರಿ,” ಎಂದ ಬಂಡೆಪ್ಪ. “ಅಲ್ಲಿ ಹೆಂಗ ಬರದಾರೋ ಹಂಗ ಓದ್ರಿ.”

ಕಾಶಿನಾಥ ಮತ್ತೆ ಒಳಗೆ ಹೋಗಿ, ಪರದೆಯ ಮುಂದೆ ಬಾಗಿ, ಒಂದೊಂದೇ ಅಕ್ಷರ ಬಿಡಿಸಿ ಓದಿದ.